ಮಕ್ಕಳ ಮೊದಲ ಮಾತು ಯಾರ ಕಿವಿಗೆ?

2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರು ಬೀದರ್ ಜಿಲ್ಲೆಯ ಹಂದಿಕೇರಾ ಊರಿನ ಹತ್ತಿರ ನಿಂತಿದ್ದರು. ಅವರಲ್ಲೊಬ್ಬರು ಕತಾರ್‌ನಿಂದ ಬಂದವರು. ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಮಕ್ಕಳ ಕಳ್ಳರು ಬಂದಾರ ಎಂಬ ಗುಲ್ಲೆದ್ದಿತು. ಗೆಳೆಯರು ಗಾಬರಿಯಿಂದ ಕಾರು ಹತ್ತಿ ಹೊರಟರು. ಅವರಿಗಿಂತ ಮೊದಲೇ ವಾಟ್ಸ್ಆ್ಯಪ್ ಸಂದೇಶ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ದಾರಿಗೆ ಅಡ್ಡಗಟ್ಟಿದರು, ಕಾರು ಉರುಳಿತು, ಜನ ಕಲ್ಲು ಬಡಿಗೆ ಹಿಡಿದು ಮುಗಿಬಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಉಳಿದವರು ತೀವ್ರವಾಗಿ ಗಾಯಗೊಂಡರು, ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. ಸಂದೇಶ ಹರಡಿದ ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಸೇರಿ ಹಲವರು ಜೈಲು ಕಂಡರು.

ಮುರ್ಕಿ ಆಗ ಔರಾದ ತಾಲ್ಲೂಕಿನ ಊರು, ಈಗ ಕಮಲನಗರ ತಾಲ್ಲೂಕಿಗೆ ಸೇರಿದೆ. ಅಂದು ಬಡಿಗೆ ಹಿಡಿದವರು ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದರು. ಅದೇ ನನ್ನನ್ನು ಹೆಚ್ಚು ಕಾಡುವುದು. ಆ ವರ್ಷ ದೇಶದ ತುಂಬ ಓಡಾಡಿದ ಒಂದು ವಿಡಿಯೊದಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗೆಂದು ಮಾಡಿಸಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಯಾರೋ ಹರಿಬಿಟ್ಟಿದ್ದರು. ಮಕ್ಕಳ ಕಳ್ಳರ ಇಂಥದೇ ಗುಲ್ಲಿನಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ರಾಜಸ್ಥಾನದ ಕೂಲಿಕಾರನೊಬ್ಬ ಸತ್ತಿದ್ದ. ಮುರ್ಕಿಯ ಘಟನೆಯಾದ ವಾರದಲ್ಲೇ ವಾಟ್ಸ್ಆ್ಯಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ಮಿತಿ ಹಾಕುವುದಾಗಿ ಹೇಳಿತು.

ಆ ವರ್ಷ ಒಂದನೇ, ಎರಡನೇ ಇಯತ್ತೆಯಲ್ಲಿದ್ದ ಮಕ್ಕಳು ಈಗ ಹೈಸ್ಕೂಲಿಗೆ ಬಂದಿದ್ದಾರೆ. ಅವರ ಕೈಯಲ್ಲೀಗ ಫೋನಿದೆ. ಅವರಿಗೆ ಅಪಾಯ ತರುವವನು ಕಾರಿನಲ್ಲಿ ಚಾಕೊಲೇಟ್ ಹಿಡಿದುಕೊಂಡು ಬರುವ ಸಂಭವ ಕಡಿಮೆ. ಅವನು ರಾತ್ರಿ ಹತ್ತರ ಮೇಲೆ ಹಾಸಿಗೆಯೊಳಗಿನ ಫೋನಿಗೆ ಬರುತ್ತಾನೆ. ಊರಿಗೆಲ್ಲ ಗುಲ್ಲೆಬ್ಬಿಸುವಷ್ಟು ಭಯ ನಮ್ಮಲ್ಲಿ ಆಗಲೂ ಇತ್ತು, ಈಗಲೂ ಇದೆ. ಆದರೆ ಮಗು ತಾನಾಗಿ ಬಂದು ಮೆಲ್ಲಗೆ ಹೇಳುವ ಮಾತಿಗೆ ಜಾಗ ಮಾಡಿಕೊಟ್ಟ ಮನೆಗಳು ಕಡಿಮೆ. ಹದಿಹರೆಯದವರ ಸುರಕ್ಷತೆಯ ಪ್ರಶ್ನೆಯೆಲ್ಲ ಅಲ್ಲಿಂದಲೇ ಶುರುವಾಗುತ್ತದೆ ಎಂದು ನನಗನ್ನಿಸುತ್ತದೆ.

ಫೋನು ಬಂದ ದಾರಿ

ನಮ್ಮ ಕಡೆ ಬಹಳಷ್ಟು ಮನೆಗಳಿಗೆ ಸ್ಮಾರ್ಟ್‌ಫೋನು ಮಕ್ಕಳ ಹೆಸರಿನಲ್ಲಿ ಬಂದದ್ದು 2020ರಲ್ಲಿ. ಶಾಲೆ ಮುಚ್ಚಿದವು, ವಿದ್ಯಾಗಮ ಬಂತು. ಯಾರ ಮನೆಯಲ್ಲಿ ಎಂಥ ಫೋನಿದೆ ಎಂದು ಮೇಷ್ಟ್ರುಗಳು ಪಟ್ಟಿ ಮಾಡಿದರು. ಎಮ್ಮೆ ಮಾರಿ, ಸಂಘದ ಸಾಲ ಎತ್ತಿ ಫೋನು ತಂದವರಿದ್ದಾರೆ. ಶಾಲೆ ಮತ್ತೆ ತೆರೆಯಿತು, ತರಗತಿಯ ವಾಟ್ಸ್ಆ್ಯಪ್ ಗ್ರೂಪು ಮಾತ್ರ ಉಳಿಯಿತು. ಇಂದಿಗೂ ಹೋಮ್‌ವರ್ಕ್, ಪರೀಕ್ಷೆಯ ವೇಳಾಪಟ್ಟಿ, ಸ್ಕಾಲರ್‌ಶಿಪ್ಪಿನ ಕೊನೆಯ ದಿನ ಎಲ್ಲವೂ ಬರುವುದು ಅದರಲ್ಲೇ. ಹೀಗಿರುವಾಗ ಫೋನು ಕೊಡಲೇಬೇಡಿ ಎಂದು ವೇದಿಕೆಯ ಮೇಲೆ ನಿಂತು ಹೇಳುವುದು ಸುಲಭ, ಮನೆಯಲ್ಲಿ ನಡೆಸುವುದು ಕಷ್ಟ.

ಔರಾದ, ಭಾಲ್ಕಿ ಕಡೆಯ ಇನ್ನೊಂದು ಸಂಗತಿಯನ್ನು ದೊಡ್ಡ ಊರಿನ ಉಪದೇಶಕರು ಮರೆಯುತ್ತಾರೆ. ಇಲ್ಲಿ ಎಷ್ಟೋ ಮಕ್ಕಳ ಅಪ್ಪ ಅವ್ವ ಹೈದರಾಬಾದ್, ಪುಣೆ, ಮುಂಬಯಿಗೆ ದುಡಿಯಲು ಹೋಗಿರುತ್ತಾರೆ. ಮಗಳು ಆಯಿ-ಮುತ್ಯಾನ ಹತ್ತಿರ ಇದ್ದು ಶಾಲೆ ಕಲಿಯುತ್ತಾಳೆ. ಅವ್ವನ ಮುಖ ಕಾಣುವುದು ರಾತ್ರಿಯ ವಿಡಿಯೊ ಕಾಲಿನಲ್ಲಿ. ಆ ಹುಡುಗಿಗೆ ಫೋನು ಅಂದರೆ ಅವ್ವ. ಅದನ್ನು ಕಸಿದುಕೊಂಡರೆ ಅವ್ವನನ್ನೂ ಕಸಿದುಕೊಂಡ ಹಾಗೆ.

ಹಳ್ಳಿಗಾಡಿನ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ 2024ರಲ್ಲಿ 14ರಿಂದ 16 ವರ್ಷದವರ ಫೋನ್ ಬಳಕೆಯನ್ನೂ ಕೇಳಿತ್ತು. ದೇಶದ ಗ್ರಾಮೀಣ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ನಾನು ಎರಡು ಸಲ ಓದಿದ್ದು ಅದರ ಮುಂದಿನ ಸಾಲನ್ನು. ಜಾಲತಾಣ ಬಳಸುವವರಲ್ಲಿ ಕಾಟ ಕೊಡುವ ಖಾತೆಯನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡಲು ಬರುವವರು ಶೇ 62, ತಮ್ಮ ಪ್ರೊಫೈಲನ್ನು ಪ್ರೈವೇಟ್ ಮಾಡಲು ಬರುವವರು ಶೇ 55. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಬಾಗಿಲು ಹಾಕಿಕೊಳ್ಳಲು ಬಾರದೆ ಒಳಗೆ ಕೂತಿದ್ದಾರೆ. ಅಪ್ಪ ಅವ್ವಂದಿರ ಬಗ್ಗೆ ಇದೇ ಪ್ರಶ್ನೆ ಕೇಳಿದರೆ ಉತ್ತರ ಇನ್ನೂ ಕೆಳಗಿರಬಹುದು.

ಮೆಸೇಜ್ ರಿಕ್ವೆಸ್ಟ್ ಎಂಬ ಹಿತ್ತಿಲು

ಹದಿನೈದರ ಹುಡುಗಿಯೊಬ್ಬಳ ಇನ್‌ಸ್ಟಾಗ್ರಾಮ್ ತೆರೆದಾಗ ಕಾಣುವುದು ಗೆಳತಿಯರ ಫೋಟೊ, ಹಾಡು, ಮೆಹಂದಿ. ಪೋಷಕರು ನೋಡಿದರೆ ಅಷ್ಟು ನೋಡಿ ಸುಮ್ಮನಾಗುತ್ತಾರೆ. ಒಳಗೆ ಮೆಸೇಜ್ ರಿಕ್ವೆಸ್ಟ್ ಎಂಬ ಇನ್ನೊಂದು ಜಾಗವಿದೆ. ಸುಳ್ಳು ವಯಸ್ಸು ಬರೆದು ತೆರೆದ ಖಾತೆಯಾದರೆ ಗುರುತಿಲ್ಲದವರು ಕಳಿಸಿದ್ದೆಲ್ಲ ಅಲ್ಲಿ ಬಂದು ಬೀಳುತ್ತದೆ. ‘ಹಾಯ್’. ‘ಡಿಪಿ ಮಸ್ತ್ ಅದ’. ‘ಯಾವ ಕಾಲೇಜು?’ ‘ನಿಮ್ಮ ಅಣ್ಣ ನನ್ನ ದೋಸ್ತ್’. ಉತ್ತರ ಹೋಗದಿದ್ದರೆ ಬೈಗುಳ. ಕನ್ನಡ, ದಖನಿ, ಮರಾಠಿ ಮೂರೂ ಕಲೆತ ಮಾತು, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಅಂಥ ಬೆರಕೆಯ ಬೆದರಿಕೆ ಕಂಪನಿಯ ಯಂತ್ರಕ್ಕೆ ಅರ್ಥವಾದೀತು ಎಂದು ನಂಬಿ ಕೂರುವುದು ಬೇಡ.

ಹುಡುಗಿಯರ ವಿಷಯದಲ್ಲಿ ನಡೆಯುವುದು ಹೆಚ್ಚಾಗಿ ಹೀಗೆ. ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ ಅವಳ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆಯುತ್ತಾರೆ. ಈಗ ಎಐ ಬಂದ ಮೇಲೆ ಬಟ್ಟೆ ತೊಟ್ಟ ಫೋಟೊದಿಂದ ಬೆತ್ತಲೆ ಚಿತ್ರ ಕಟ್ಟುವುದು ನಿಮಿಷಗಳ ಕೆಲಸ. ಹುಡುಗಿ ಏನನ್ನೂ ಕಳಿಸಿರುವುದೇ ಇಲ್ಲ. ‘ನೀ ಯಾಕ ಕಳ್ಸಿದಿ’ ಎಂದು ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ತಪ್ಪಾಗಿರುವುದು ಹೀಗಾಗಿ.

ಹುಡುಗರ ಬಗ್ಗೆ ನಾವು ಮಾತೇ ಆಡುವುದಿಲ್ಲ. ಗಂಡು ಹುಡುಗನಿಗೆ ಏನಾಗುತ್ತದೆ ಎಂಬ ಧೈರ್ಯ. ಅವನಿಗೆ ಬರುವ ಬಲೆ ಬೇರೆ. ಚೆಂದದ ಹುಡುಗಿಯ ಡಿಪಿ ಇರುವ ಖಾತೆಯಿಂದ ರಿಕ್ವೆಸ್ಟ್ ಬರುತ್ತದೆ, ಎರಡು ದಿನದಲ್ಲಿ ವಾಟ್ಸ್ಆ್ಯಪ್ ನಂಬರ್ ಕೇಳುತ್ತಾರೆ, ಮೂರನೇ ದಿನ ವಿಡಿಯೊ ಕಾಲ್. ಆ ಕಡೆ ಓಡುತ್ತಿರುವುದು ಮೊದಲೇ ಚಿತ್ರೀಕರಿಸಿದ ತುಣುಕು. ಈ ಕಡೆಯ ಹುಡುಗ ಮಾಡಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಐದು ನಿಮಿಷದಲ್ಲಿ ಅವನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ: ಇಂತಿಷ್ಟು ಫೋನ್‌ಪೇ ಮಾಡು, ಇಲ್ಲದಿದ್ದರೆ ನಿಮ್ಮ ಕಾಕಾನಿಗೆ, ಮಾಸ್ತರಿಗೆ ಎಲ್ಲರಿಗೂ ಹೋಗುತ್ತದೆ. ಹಾಕಿದರೆ ಇನ್ನಷ್ಟು ಕೇಳುತ್ತಾರೆ. ಹದಿನಾರು ಹದಿನೇಳರ ಹುಡುಗ ಆ ರಾತ್ರಿಯನ್ನು ಒಬ್ಬನೇ ಕಳೆಯುತ್ತಾನೆ. ಆ ಒಂದು ರಾತ್ರಿಯ ಮಟ್ಟಿಗಾದರೂ ಅಪ್ಪನನ್ನು ಎಬ್ಬಿಸುವ ಧೈರ್ಯ ಅವನಿಗೆ ಇದ್ದಿದ್ದರೆ ಎಂದು ನೆನೆದಾಗ ಎದೆ ಭಾರವಾಗುತ್ತದೆ.

ಇನ್ನೊಂದು ಹೊಸ ಪಿಡುಗಿನ ಬಗ್ಗೆ ಕಾಲೇಜು ಹುಡುಗರ ಪೋಷಕರು ಎಚ್ಚರವಾಗಿರಬೇಕು. ‘ನಿನ್ನ ಬ್ಯಾಂಕ್ ಖಾತೆ, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ’ ಎಂದು ಟೆಲಿಗ್ರಾಮ್‌ನಲ್ಲಿ ಕೇಳುವವರಿದ್ದಾರೆ. ಸೈಬರ್ ವಂಚಕರು ದೋಚಿದ ಹಣ ಆ ಖಾತೆಯ ಮೂಲಕ ಹಾಯುತ್ತದೆ. ಕೊನೆಗೆ ಬೇರೆ ರಾಜ್ಯದ ಪೊಲೀಸರು ಹುಡುಕಿಕೊಂಡು ಬರುವುದು ಸ್ಕಾಲರ್‌ಶಿಪ್ಪಿಗೆಂದು ಖಾತೆ ತೆರೆದ ಹುಡುಗನ ಮನೆಗೆ.

ಹೇಳಿದರೆ ಏನಾಗುತ್ತದೆ ಎಂಬ ಲೆಕ್ಕ

ಮಕ್ಕಳು ಹೇಳುವುದಿಲ್ಲ ಎಂದು ದೂರುತ್ತೇವೆ. ಹೇಳಿದರೆ ಏನಾಗುತ್ತದೆ ಎಂದು ಅವರು ಲೆಕ್ಕ ಹಾಕಿರುತ್ತಾರೆ. ‘ಅವ್ವಾ, ಒಬ್ಬಾಂವ ಫೋಟೊ ಕಳ್ಸು ಅಂತ ಕಾಡ್ಲತ್ತಾನ’ ಎಂದು ಮಗಳು ಅಂದಳು ಎನ್ನಿ. ಮೊದಲು ಫೋನು ಹೋಗುತ್ತದೆ. ವಿಷಯ ಅಣ್ಣನಿಗೆ ಗೊತ್ತಾಗುತ್ತದೆ, ಅವನು ಹುಡುಗರನ್ನು ಕಟ್ಟಿಕೊಂಡು ಹೊಡೆಯಲು ಹೊರಡುತ್ತಾನೆ. ಆಮೇಲೆ ಭಾಲ್ಕಿಗೋ ಬೀದರಿಗೋ ಬಸ್ಸಿನಲ್ಲಿ ಕಾಲೇಜಿಗೆ ಹೋಗುವುದು ನಿಲ್ಲುತ್ತದೆ. ಬೇಸಿಗೆಯ ಹೊತ್ತಿಗೆ ‘ಚಲೋ ಸಂಬಂಧ ಬಂದದ’ ಎಂಬ ಮಾತು ಕಿವಿಗೆ ಬೀಳುತ್ತದೆ. ಕಾಟ ಕೊಟ್ಟವನು ಎಲ್ಲೋ ಇದ್ದಾನೆ, ಶಿಕ್ಷೆ ಎಲ್ಲ ಹುಡುಗಿಗೆ. ಇದು ಅತಿಶಯೋಕ್ತಿ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಯ ಮದುವೆ ಹದಿನೆಂಟು ತುಂಬುವ ಮೊದಲೇ ಆಗಿತ್ತು. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಆದರೂ ಫೋನಿನ ಭಯಕ್ಕೆ ಮದುವೆಯೇ ಮದ್ದು ಎಂದುಕೊಳ್ಳುವ ಮನೆಗಳಿವೆ.

ಬೇರೆ ಉತ್ತರವೂ ಸಾಧ್ಯ. ‘ಚಲೋ ಆತು ಹೇಳಿದ್ದು. ತಾ, ಇಬ್ಬರೂ ಕೂಡಿ ನೋಡೋಣು.’ ಹೊಟ್ಟೆಯಲ್ಲಿ ಬೆಂಕಿ ಇದ್ದರೂ ಇಷ್ಟನ್ನು ಹೇಳಲು ಬಂದರೆ ಅರ್ಧ ಕೆಲಸ ಆದಂತೆ. ಇದನ್ನು ತೊಂದರೆ ಬಂದ ದಿನ ಕಲಿಯಲಾಗದು. ಮೊದಲೇ, ಏನೂ ಆಗದ ದಿನವೇ ಮಾತು ಕೊಟ್ಟಿರಬೇಕು: ಯಾವುದೇ ಹೊತ್ತಿಗೆ ಬಂದು ಹೇಳು, ಫೋನು ಕಸಿಯುವುದಿಲ್ಲ, ಕಾಲೇಜು ಬಿಡಿಸುವುದಿಲ್ಲ. ಕೊಟ್ಟ ಮೇಲೆ ತಪ್ಪಬಾರದು. ಒಮ್ಮೆ ತಪ್ಪಿದರೆ ಆ ಮಗು ಮತ್ತೆ ಆ ಬಾಗಿಲು ತಟ್ಟುವುದಿಲ್ಲ, ಅದನ್ನು ನೋಡಿದ ತಂಗಿಯೂ ತಟ್ಟುವುದಿಲ್ಲ. ಅಪ್ಪ ಊರಲ್ಲಿಲ್ಲದ ಮನೆಯಲ್ಲಿ ಅತ್ತಿಯೋ, ಕಾಕುವೋ, ಶಾಲೆಯ ಮೇಡಮ್ಮೋ, ಮಗು ತಾನೇ ಆರಿಸಿಕೊಂಡ ಒಬ್ಬ ದೊಡ್ಡವರು ಇರಲಿ. ಆ ಹೆಸರನ್ನು ಮಗುವೇ ಹೇಳಲಿ.

ಹಾಕಿದವರು ದೊಡ್ಡವರು, ಅನುಭವಿಸಿದವರು ಮಕ್ಕಳು

ಬೀದರ್ ನಗರಕ್ಕೆ ಈ ವಿಷಯದಲ್ಲಿ ಒಂದು ಕಹಿ ಪಾಠವಿದೆ. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಕುರಿತು ನಾಟಕವಾಡಿದರು. ಅದು ಶಾಲೆಯ ಒಳಗೆ ನಡೆದದ್ದು. ಅದರ ವಿಡಿಯೊವನ್ನು ದೊಡ್ಡವರೊಬ್ಬರು ಫೇಸ್‌ಬುಕ್‌ಗೆ ಹಾಕಿದರು. ದೂರು ಬಂತು, ರಾಜದ್ರೋಹದ ಪ್ರಕರಣ ದಾಖಲಾಯಿತು, ಮುಖ್ಯ ಶಿಕ್ಷಕಿ ಮತ್ತು ಒಬ್ಬ ಮಗುವಿನ ತಾಯಿ ಜೈಲಿಗೆ ಹೋದರು. ಪೊಲೀಸರು ಶಾಲೆಗೆ ಬಂದು ಪುಟ್ಟ ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿದರು. ಸಮವಸ್ತ್ರದಲ್ಲಿದ್ದ ಪೊಲೀಸರ ಎದುರು ಮಕ್ಕಳು ಕೂತ ಚಿತ್ರ ದೇಶವೆಲ್ಲ ಓಡಾಡಿತು. ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ಆ ಪ್ರಕರಣವನ್ನು ರದ್ದುಪಡಿಸಿತು. ಶಾಲೆಯೊಳಗಿನ ನಾಟಕ ಹೊರಗಿನವರಿಗೆ ಗೊತ್ತಾದದ್ದೇ ಫೇಸ್‌ಬುಕ್‌ಗೆ ಏರಿದ ಮೇಲೆ ಎಂಬುದನ್ನೂ ಕೋರ್ಟು ಗಮನಿಸಿತ್ತು. ಪ್ರಕರಣ ಸರಿಯೋ ತಪ್ಪೋ ಎಂಬ ಚರ್ಚೆ ಅಲ್ಲಿಗೆ ಮುಗಿಯಿತು. ನನಗೆ ಉಳಿಯುವ ಪ್ರಶ್ನೆ ಬೇರೆ: ಆ ಮಕ್ಕಳ ಮುಖ ಊರ ಮುಂದೆ ಹೋಗಲಿ ಎಂದು ಮಕ್ಕಳನ್ನು ಯಾರಾದರೂ ಕೇಳಿದ್ದರೇ?

ಇಂದಿಗೂ ಹುಟ್ಟುಹಬ್ಬ, ಜವಳ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಾಲ್‌ಟಿಕೆಟ್ ಎಲ್ಲವನ್ನೂ ಅಪ್ಪಂದಿರೇ ಸ್ಟೇಟಸ್ಸಿಗೆ ಏರಿಸುತ್ತಾರೆ. ಅಂಕಪಟ್ಟಿಯಲ್ಲಿ ಮಗಳ ಪೂರ್ತಿ ಹೆಸರು, ಶಾಲೆ, ಹುಟ್ಟಿದ ದಿನಾಂಕ ಇರುತ್ತದೆ. ಅವಳ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವವನಿಗೆ ಇನ್ನೇನು ಬೇಕು? ಪರೀಕ್ಷಿಸದೆ ಫಾರ್ವರ್ಡ್ ಮಾಡುವ ಅಭ್ಯಾಸವೂ ಮಕ್ಕಳಿಗೆ ಮನೆಯಲ್ಲೇ ಅಂಟುತ್ತದೆ. ಅಪ್ಪ ಕಾಕಾ ಮಾಡುವುದನ್ನು ಅವರು ದಿನಾ ನೋಡುತ್ತಾರೆ.

ಬಲೆಗೆ ಬಿದ್ದ ಮೇಲೆ ಏನು ಮಾಡಬೇಕು

ಬೆದರಿಕೆ ಬಂದಿದ್ದರೆ ಒಂದು ರೂಪಾಯಿಯನ್ನೂ ಹಾಕಬಾರದು. ಹೆದರಿ ಚಾಟ್ ಅಳಿಸಬಾರದು. ಸಾಕ್ಷಿ ಅದೇ. ಖಾತೆಯ ಹೆಸರು, ಲಿಂಕು, ಫೋನ್ ನಂಬರ್, ಯುಪಿಐ ಐಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಬೇಕು. ಮಗುವಿನ ಅಶ್ಲೀಲ ಚಿತ್ರವಿದ್ದರೆ ಅದನ್ನು ‘ನೋಡ್ರಿ ಹೀಂಗಾಗ್ಯದ’ ಎಂದು ಮಾವನಿಗೋ ಮುಖಂಡರಿಗೋ ಕಳಿಸಲೇಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಡಿ ಅದನ್ನು ಹಂಚುವುದೇ ಅಪರಾಧ, ಹಂಚಿದವರು ಸ್ವಂತ ಸಂಬಂಧಿಕರೇ ಆಗಿರಲಿ. ಇಟ್ಟುಕೊಂಡು ನೋಡುವುದೂ ಅಪರಾಧವಾಗಬಲ್ಲದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಫೋನನ್ನು ಹಾಗೆಯೇ ಪೊಲೀಸರಿಗೆ ತೋರಿಸಿದರೆ ಸಾಕು.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಬ್ಯಾಂಕಿನಲ್ಲೇ ಹಣ ತಡೆಯುವ ಅವಕಾಶವಿದೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲೆಯಲ್ಲಿ ಸೈಬರ್ ಪ್ರಕರಣಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆ ಇದೆ. ಹದಿನೆಂಟರ ಕೆಳಗಿನವರ ನಗ್ನ ಚಿತ್ರ ಹರಿದಾಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯನ್ನು ಬಳಸಬಹುದು. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ತಯಾರಾದ ಒಂದು ಸಂಕೇತ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳು ಆ ಸಂಕೇತ ಹಿಡಿದು ಚಿತ್ರವನ್ನು ತಡೆಯುತ್ತವೆ. ಬಾಧಿತರು ದೂರಿದರೆ ಇಂಥ ಚಿತ್ರವನ್ನು 24 ಗಂಟೆಯೊಳಗೆ ತೆಗೆಯಬೇಕೆಂಬ ಗಡುವನ್ನು 2021ರ ಐಟಿ ನಿಯಮಗಳೇ ಕಂಪನಿಗಳಿಗೆ ಹಾಕಿದ್ದವು.

ಠಾಣೆಯ ಹೆಸರೆತ್ತಿದರೆ ತಾಯಂದಿರು ಹಿಂದೆ ಸರಿಯುತ್ತಾರೆ. ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರಲ್ಲಿ ಬರೆದಿರುವುದನ್ನು ಅವರಿಗೆ ಬಿಡಿಸಿ ಹೇಳಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಮಗು ಬಯಸುವ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಆಗ ಅವರು ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಗುರುತು ಎಲ್ಲಿಯೂ ಬಯಲಾಗಬಾರದು. ಆನ್‌ಲೈನಿನಲ್ಲಿ ಲೈಂಗಿಕ ಉದ್ದೇಶದಿಂದ ಬೆನ್ನು ಹತ್ತುವುದೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಗಂಡು ಮಕ್ಕಳಿಗೂ ಇದೇ ರಕ್ಷಣೆ ಇದೆ. ಇದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ. ಮಗು ಊಟ ಬಿಟ್ಟಿದ್ದರೆ, ನಿದ್ದೆಗೆಟ್ಟಿದ್ದರೆ, ಸಾಯುವ ಮಾತಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕಂಪನಿ, ಕೋರ್ಟು, ಕಾನೂನು

ಹದಿಹರೆಯದವರಿಗಾಗಿ ಇನ್‌ಸ್ಟಾಗ್ರಾಮ್ ‘ಟೀನ್ ಅಕೌಂಟ್’ ಎಂಬ ವ್ಯವಸ್ಥೆಯನ್ನು 2025ರ ಫೆಬ್ರುವರಿಯಲ್ಲಿ ಭಾರತಕ್ಕೆ ತಂದಿತು. ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲಾಗದು, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಸದ್ದು ಬಂದ್. ಹದಿನಾರರ ಕೆಳಗಿನವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಆದರೆ ಇದೆಲ್ಲ ನಿಂತಿರುವುದು ಮಗು ಬರೆದ ಹುಟ್ಟಿದ ದಿನಾಂಕದ ಮೇಲೆ. ಖಾತೆ ತೆರೆಯುವಾಗ ನಿಜವಾದದ್ದಕ್ಕಿಂತ ಹತ್ತಿಪ್ಪತ್ತು ವರ್ಷ ಹಿಂದಿನ ಇಸವಿ ಒತ್ತಿದ್ದರೆ ಅಥವಾ ಅಣ್ಣನ ಖಾತೆಯಲ್ಲೇ ನೋಡುತ್ತಿದ್ದರೆ ಯಾವ ಬೇಲಿಯೂ ಇಲ್ಲ. ಮಗುವಿನ ಜೊತೆ ಕೂತು ಮೊದಲು ನೋಡಬೇಕಾದದ್ದು ಆ ದಿನಾಂಕ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಡಿಪಿ ಯಾರಿಗೆ ಕಾಣಬೇಕು, ಗ್ರೂಪಿಗೆ ಯಾರು ಸೇರಿಸಬಹುದು ಎಂಬೆರಡನ್ನೂ ಕಾಂಟ್ಯಾಕ್ಟಿನಲ್ಲಿ ಇರುವವರಿಗೆ ಸೀಮಿತ ಮಾಡಿ.

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರಿಗೆ ದೊಡ್ಡ ಜಾಲತಾಣಗಳಲ್ಲಿ ಖಾತೆಯೇ ಇರಬಾರದೆಂದು ಕಾನೂನು ಜಾರಿಗೆ ತಂದಿತು. ನಮ್ಮ ಹೈಕೋರ್ಟ್ ಕೂಡ 2023ರ ಸೆಪ್ಟೆಂಬರ್‌ನಲ್ಲಿ, ಎಕ್ಸ್ ಕಂಪನಿಯ ಮೇಲ್ಮನವಿ ಕೇಳುವಾಗ, ವಯಸ್ಸಿನ ಮಿತಿ ಇರುವುದು ಒಳ್ಳೆಯದು ಎಂದು ಮೌಖಿಕವಾಗಿ ಹೇಳಿತ್ತು. ನಿಷೇಧದಿಂದ ಕಂಪನಿಗಳ ಮೇಲೆ ಭಾರ ಬೀಳುವುದಾದರೆ ನನ್ನ ತಕರಾರಿಲ್ಲ. ಆದರೆ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆ ಅದು ಹುಡುಗಿಯರ ಕೈಯಿಂದ ಮಾತ್ರ ಫೋನು ತಪ್ಪಿಸುವ ನೆಪವಾದೀತು ಎಂಬ ಭಯ ನನಗಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಹದಿನೆಂಟರ ಕೆಳಗಿನವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವುದನ್ನೂ ತಡೆಯುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿದೆ. ಅದು ಮುಗಿದ ಮೇಲೆ ಒಪ್ಪಿಗೆಯ ಪ್ರಶ್ನೆ ಅಪ್ಪ ಅವ್ವಂದಿರ ಫೋನಿಗೆ ಬರುತ್ತದೆ. ಅವರು ಓದದೆ ‘ಓಕೆ’ ಒತ್ತಿದರೆ ಕಾನೂನು ಇದ್ದೂ ಇಲ್ಲದ ಹಾಗೆ. ಈ ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕಾಯ್ದೆಯಲ್ಲೇ ಇದೆ. ಬೀದರಿನ ತಾಯಿ ಉರ್ದುವಿನಲ್ಲಿ, ಔರಾದಿನವಳು ಮರಾಠಿಯಲ್ಲಿ, ಭಾಲ್ಕಿಯವಳು ಕನ್ನಡದಲ್ಲಿ, ಗಡಿಯ ಊರಿನವಳು ತೆಲುಗಿನಲ್ಲಿ ಅದನ್ನು ಕೇಳಬಹುದು. ಲಂಬಾಣಿ ಆ ಪಟ್ಟಿಯಲ್ಲಿಲ್ಲ. ತಾಂಡಾದ ತಾಯಂದಿರಿಗೆ ಅದನ್ನು ಓದಿ ಹೇಳುವ ಕೆಲಸ ಶಾಲೆಯ ಪೋಷಕರ ಸಭೆಯಲ್ಲಿ, ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಆಗಬೇಕು. ಅದಕ್ಕೆ ಇನ್ನೂ ಸಮಯವಿದೆ.